ಮಾನಮ್ಮನ ಹಗಲು ಹಾಡಿಕಿ

ನಮ್ಮ ಬ್ರಹ್ಮಪುರದ ಮನೆಯ ಪಡಸಾಲೆಯಲ್ಲಿ, ಗೋಡೆಯ ಮೊಳೆಗೆ ಒಂದು ಒಡಕು ದಪ್ಪು, ಹಾಡುಗಾರರು ಕೈಯಲ್ಲಿ ಹಿಡಿದು ಬಡಿಯುವ ತೊಗಲ ವಾದ್ಯ, ತೂಗುತ್ತಿತ್ತು. ತೊಗಲು ನಡುವೆ ಸೀಳಿ, ಸೀಳಿನ ಅಂಚು ಒಣಗಿ ಮೇಲಕ್ಕೆ ಮುರುಟಿತ್ತು. ಬಂದವರು ಯಾರಾದರೂ ಕೇಳಿದರೆ ನಮ್ಮ ಅಪ್ಪ, ದೊಡ್ಡಪ್ಪ ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಿದ್ದರು: "ನಮ್ಮ ಅಪ್ಪಾರು ಜಲ್ಮದಾಗ ಒಂದೇ ಸಲ ಹಾಡಿಕಿ ಸೋತಾರ ನೋಡ್ರಿ. ಅದೂ ಬಿಸಲಿಗೆ ತೊಗಲ ಒಡೀತು ಅಂತ." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿಸಿಲಂತೆ ಬಿಸಿಲು! ಕಲಬುರ್ಗಿಯಲ್ಲಿ ಆ ಒಂದೇ ದಿನ ಬಿಸಿಲು ಬಿದ್ದಿತ್ತೇನು?

ನನ್ನ ಅಜ್ಜ ಅಣವೀರಪ್ಪ ಸೋತದ್ದು ಬಿಸಿಲಿಗಲ್ಲ. ಕಮಲಾಪುರದ ಮಾನಮ್ಮನಿಗೆ. ಇದನ್ನು ನನಗೆ ಹೇಳಿದವನು ಸೋತ ಅಜ್ಜನೇ, ಸಾಯುವ ಮುಂಚಿನ ವರ್ಷ, ಮನೆಯಲ್ಲಿ ಬೇರೆ ಯಾರೂ ಇಲ್ಲದ ಒಂದು ಮಧ್ಯಾಹ್ನ. ಉಳಿದದ್ದನ್ನು ಹೇಳಿದವಳು ಗೆದ್ದ ಮಾನಮ್ಮ. ನಾನು ಬರೆಯುತ್ತಿರುವುದು ಮಾನಮ್ಮನ ಕಥೆ. ಅಜ್ಜ ಇದರಲ್ಲಿ ಆಕೆಯ ಎದುರಿಗೆ ಕುಳಿತವನಾಗಿ ಮಾತ್ರ ಬರುತ್ತಾನೆ. ನಮ್ಮ ಮನೆಯವರಿಗೆ ಸಿಟ್ಟು ಬಂದರೆ ಬರಲಿ, ಐವತ್ತು ವರ್ಷ ಸುಳ್ಳು ಹೇಳಿದ್ದು ಸಾಕು.

ಮಾನಮ್ಮನ ತಂದೆ ಪೀರಪ್ಪ ದಪ್ಪಿಗೆ ತೊಗಲು ಹಾಕುವವನು. ಕಮಲಾಪುರದ ಕೆಂಪು ಮಣ್ಣಿನ ಹಾದಿ ಬಾಳೆಯ ತೋಟಗಳನ್ನು ದಾಟಿ, ಊರನ್ನು ದಾಟಿ, ಮುಗಿಯುವ ಜಾಗದಲ್ಲಿ ಅವರ ಕೇರಿ. ಪೀರಪ್ಪ ಆಡು ಹೋತುಗಳ ಹಸಿ ತೊಗಲನ್ನು ಬೂದಿನೀರಿನಲ್ಲಿ ನೆನೆಹಾಕಿ, ಕೂದಲು ಕೆರೆದು, ಕಟ್ಟಿಗೆಯ ಬಳೆಯ ಮೇಲೆ ಎಳೆದು, ಹುಣಸೆಬೀಜದ ಅಂಟಿನಿಂದ ಕೂಡಿಸಿ, ನೆರಳಿನಲ್ಲಿ ಒಣಗಿಸುತ್ತಿದ್ದ. ಬಿಸಿಲಿನಲ್ಲಿ ಒಣಗಿಸಿದರೆ ಬೇಗ ಆಗುತ್ತದೆ, ಆದರೆ ಬೇಗ ಒಡೆಯುತ್ತದೆ. ತಾಯಿಯಿಲ್ಲದ ಮಾನಮ್ಮ ಈ ಕೆಲಸ ನೋಡುತ್ತಲೇ ಬೆಳೆದಳು, ಹತ್ತು ವರ್ಷಕ್ಕೆ ತಾನೇ ಮಾಡತೊಡಗಿದಳು.

ನಮ್ಮ ಕಡೆ ಜೋಳದ ರಾಶಿ ಮುಗಿದು, ಕಣ ಖಾಲಿಯಾಗಿ, ದವನದ ಹುಣ್ಣಿಮೆ ಬಂತೆಂದರೆ ಮಂದಿಯ ಕೈಯಲ್ಲಿ ಕೆಲಸ ಇರುವುದಿಲ್ಲ, ಬಾಯಲ್ಲಿ ಹಾಡು ಇರುತ್ತದೆ. ಅಲ್ಲಿಂದ ಕಾರ ಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುವ ತನಕ ಒಂದು ಊರಲ್ಲಿ ದೊಡ್ಡಾಟ, ಒಂದು ಊರಲ್ಲಿ ಕೋಲಾಟ, ದರ್ಗಾದ ಅಂಗಳದಲ್ಲಿ ಕವ್ವಾಲಿ. ಎಲ್ಲಕ್ಕಿಂತ ಹೆಚ್ಚು ಮಂದಿ ಸೇರುವುದು ಹಾಡಿಕಿಗೆ. ಹಾಡಿಕಿ ಅಂದರೆ ಹಾಡಿನ ಜಗಳ. ಹರದೇಶಿ ಪಕ್ಷದವನು ಗಂಡೇ ಹೆಚ್ಚೆಂದು ಹಾಡುತ್ತಾನೆ. ನಾಗೇಶಿ ಪಕ್ಷದವನು ಹೆಣ್ಣೇ ಹೆಚ್ಚೆಂದು ಹಾಡುತ್ತಾನೆ. ಸವಾಲಿಗೆ ಜವಾಬು, ಜವಾಬಿಗೆ ಮರುಸವಾಲು. ಗಮನಿಸಿ, "ಹಾಡುತ್ತಾನೆ" ಎಂದೇ ಬರೆದಿದ್ದೇನೆ. ಆಗಿನ ಕಾಲಕ್ಕೆ ನಮ್ಮ ಸೀಮೆಯಲ್ಲಿ ಹೆಣ್ಣಿನ ಪರವಾಗಿ ಹಾಡುವವನೂ ಮೀಸೆ ಹೊತ್ತವನೇ.

ಹಾಡಿಕಿಯ ಕಾಲಕ್ಕೆ ಮುಂಚೆ ಸುತ್ತಿನ ಹಾಡುಗಾರರೆಲ್ಲ ಪೀರಪ್ಪನ ಅಂಗಳಕ್ಕೆ ಬರಲೇಬೇಕು. ಅಂಗಳದ ಬೇವಿನ ಮರದ ಆಚೆ ಒಂದು ಚಪ್ಪಡಿ ಕಲ್ಲು. ಪೀರಪ್ಪ ದಪ್ಪನ್ನು ಆ ಕಲ್ಲಿನ ಮೇಲಿಟ್ಟು ಹಿಂದೆ ಸರಿಯಬೇಕು. ಬಂದವರು ಅದರ ಮೇಲೆ ಎರಡು ಹನಿ ನೀರು ಚಿಮುಕಿಸಿ ಎತ್ತಿಕೊಳ್ಳಬೇಕು. ಎತ್ತಿಕೊಂಡವರು ಅಲ್ಲೇ ನಿಂತು ದಪ್ಪಿನ ನಾದ ನೋಡಲು ನಾಲ್ಕು ನುಡಿ ಹಾಡುವರು. ಹರದೇಶಿಯವರು ಹರದೇಶಿ ಹಾಡಿದರು, ನಾಗೇಶಿಯವರು ನಾಗೇಶಿ. ಗುಡಿಸಲಲ್ಲಿ ತೊಗಲು ಕೆರೆಯುತ್ತ ಕುಳಿತ ಮಾನಮ್ಮ ಎರಡನ್ನೂ ಕಲಿತಳು. ಆಕೆಗೆ ಬೇರೆ ಶಾಲೆ ಇರಲಿಲ್ಲ.

ಒಮ್ಮೆ ತಂದೆಯನ್ನು ಕೇಳಿದಳಂತೆ: "ಯಪ್ಪ, ತೊಗಲಿನ ಒಳಗ ನಿನ್ನ ಬೆವರು ಇಳದಾದ. ಅದಕ್ಕ ಎಲ್ಲಿಂದ ನೀರ ಹೊಡೀತಾರ ಇವ್ರು?"

"ಸುಮ್ಮ ಕೂಡ," ಅಂದನಂತೆ ಪೀರಪ್ಪ. ಸುಮ್ಮನೆ ಕೂರುವ ಪೈಕಿಯಲ್ಲ ಆಕೆ. ಇಪ್ಪತ್ತೆರಡು ತುಂಬುವುದರೊಳಗೆ ತನಗಾಗಿ ಒಂದು ದಪ್ಪು ತಾನೇ ಕಟ್ಟಿಕೊಂಡಳು. ಕಳೆ ತೆಗೆಯುವಾಗ, ಕಟಾವಿನಲ್ಲಿ, ಸುಡುವ ಬಿಸಿಲಲ್ಲೇ ಹಾಡಿದಳು. ಹೆಂಗಸರು ಕುಡಗೋಲು ಕೆಳಗಿಟ್ಟು ಕೇಳಿದರು.

ಹೈದರಾಬಾದಿನ ಗಾದಿಗೆ ಹೊಸ ನಿಜಾಮರು ಬಂದ ಮರುವರ್ಷದ ಬೇಸಿಗೆ ಅದು. ಕಲಬುರ್ಗಿಯ ಬ್ರಹ್ಮಪುರದಲ್ಲಿ ಪ್ರತಿ ವರ್ಷ ವೈಶಾಖದ ಅಗಿ ಹುಣ್ಣಿಮೆಗೆ ಹಣಮಂತರಾಯ ಎಂಬ ದೊಡ್ಡ ಜಮೀನ್ದಾರ ತನ್ನ ವಾಡೆಯ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟಿಸಿ ಹಾಡಿಕಿ ಇಡಿಸುತ್ತಿದ್ದ. ರಾತ್ರಿ ಊಟವಾದ ಮೇಲೆ ಶುರುವಾದರೆ ಕೋಳಿ ಕೂಗುವ ತನಕ. ಆದರೆ ಹಿಂದಿನ ವರ್ಷ ಪಂಜಿನ ಕಿಡಿ ಹಾರಿ ಎರಡು ಬಣಿವೆ ಸುಟ್ಟಿದ್ದವು. ಹಾಗಾಗಿ ಪೊಲೀಸ್ ಠಾಣೆಯ ಅಮೀನ ಸಲಾವುದ್ದೀನ್ ಸಾಹೇಬ ಈ ಸಲ ಹುಕುಂ ಹೊರಡಿಸಿದ್ದ: ದೀಪ ಹಚ್ಚುವ ಹೊತ್ತಿನ ಮೇಲೆ ಗುಂಪು ಕೂಡಕೂಡದು. ಹಣಮಂತರಾಯ ಗೊಣಗಿಕೊಂಡು ಹಾಡಿಕಿಯನ್ನು ಹಗಲಿಗೆ ಹಾಕಿದ. ಅದರ ಮೇಲೆ ನಾಗೇಶಿ ಹಾಡಬೇಕಾಗಿದ್ದ ತಾಜಸುಲ್ತಾನಪುರದ ಸಾಯಬಣ್ಣನಿಗೆ ಗಂಟಲು ಕಟ್ಟಿ ಮಾತೇ ಹೊರಡದಾಯಿತು. ಯಾರಾದರೂ ನಾಗೇಶಿಯವರು ಬನ್ನಿರೆಂದು ಹಣಮಂತರಾಯ ಊರೂರಿಗೆ ಸುದ್ದಿ ಕಳಿಸಿದ. ಎದುರಾಳಿ ಅಣವೀರಪ್ಪ ಎಂದು ತಿಳಿದು ಯಾರೂ ಬರಲಿಲ್ಲ. ನಮ್ಮಜ್ಜ ಇಪ್ಪತ್ತು ವರ್ಷ ಸೋಲು ಕಂಡವನಲ್ಲ.

ಕಮಲಾಪುರದಿಂದ ಮಾನಮ್ಮ ಬಂದಳು. ಬಾಳೆಗೊನೆಯ ಬಂಡಿಯ ಹಿಂದೆ ತಂದೆಯೂ ಮಗಳೂ ನಡೆದೇ ಬಂದರು. ದಪ್ಪನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದಳು.

ಅಟ್ಟದ ಮುಂದೆ ಆಕೆ ನಿಂತಾಗ ಹಣಮಂತರಾಯ ಮೊದಲು ಪೀರಪ್ಪನನ್ನು ನೋಡಿ, "ಏನೋ, ದಪ್ಪ ತಂದೀ ಏನು?" ಅಂದ.

"ದಪ್ಪ ತಂದಿಲ್ರಿ, ಹಾಡೂ ಮಗಳನ್ನ ತಂದೀನಿ," ಅಂದ ಪೀರಪ್ಪ. ಜನ್ಮದಲ್ಲಿ ಆತ ಆಡಿದ ಮೊದಲ ಎದುರುತ್ತರ ಅದೇ ಇರಬೇಕು.

ಹಣಮಂತರಾಯನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆತ ಮಾನಮ್ಮನಿಗೆ ಹೇಳಿದ: "ತಲಿ ನೆಟ್ಟಗ ಅದ ಇಲ್ಲ ನಿಂದು? ಹೆಣ್ಣಮಗಳು ರಾತ್ರಿ ಹೊತ್ತು ಅಟ್ಟ ಹತ್ತೂದು ನಮ್ಮಲ್ಲಿ ಇಲ್ಲ."

"ರಾತ್ರಿ ಎಲ್ಲದ ರಾಯರ?" ಮಾನಮ್ಮ ಮೇಲೆ ನೋಡಿದಳು. "ರಾತ್ರೀನ ಅಮೀನ ಸಾಹೇಬರು ಜಪ್ತಿ ಮಾಡ್ಯಾರಲ್ರಿ."

ಮಂದಿ ಘೊಳ್ಳೆಂದು ನಕ್ಕಿತು. ಹಣಮಂತರಾಯ ನಗಲಿಲ್ಲ. "ರಾತ್ರಿ ಇಲ್ಲದಿದ್ರ ಏನಾತು, ರಿವಾಜು ಅದ ಇಲ್ಲ?"

"ಇಷ್ಟು ವರ್ಷ ಮೀಸಿ ಇದ್ದವ್ರು ಹೆಣ್ಣಿನ ಪರ ವಕೀಲಿ ಮಾಡ್ಯಾರ್ರಿ. ಇವತ್ತ ವಕೀಲರಿಗೆ ಗಂಟಲು ಬಿದ್ದದ. ಕಕ್ಷಿದಾರಳೇ ಬಂದಾಳ. ಬ್ಯಾಡ ಅಂತೀರೇನು? ಬ್ಯಾಡ ಅಂದ್ರ ಅಣವೀರಪ್ಪ ಧಣೇರು ಒಬ್ರೇ ಕುಂತು ಅವ್ರಿಗೆ ಅವ್ರೇ ಸವಾಲ ಹಾಕ್ಕೊಬೇಕು."

ಅಟ್ಟದ ಮೇಲೆ ಕುಳಿತಿದ್ದ ನಮ್ಮಜ್ಜನಿಗೆ ಇದು ತಮಾಷೆ ಎನಿಸಿತು. "ಹತ್ತಲಿ ಬಿಡ್ರಿ ರಾಯರ," ಅಂದ. "ಎರಡು ಸವಾಲಿಗೆ ತಾನೇ ಇಳೀತಾಳ. ಮಂದೀದೂ ಬಿಸಲಾಗ ಬಂದದ್ದಕ್ಕ ಒಂದು ನಗಿ ಆಗ್ತದ." ಅಜ್ಜ ಇದನ್ನು ನನಗೆ ಹೇಳುವಾಗ ಕಣ್ಣು ಮುಚ್ಚಿಕೊಂಡಿದ್ದ.

ಹಣಮಂತರಾಯ ಒಪ್ಪಿದ, ಆದರೆ ಕೊಕ್ಕೆ ಹಾಕಿ ಒಪ್ಪಿದ. ಸೋತವರು ಒಂದು ವರ್ಷ ದಪ್ಪು ಮುಟ್ಟಬಾರದೆಂದು ಎಲ್ಲರಿಗೂ ಇದ್ದ ನಿಯಮ. ಮಾನಮ್ಮನಿಗೆ ಮಾತ್ರ ಬೇರೆ: "ನೀ ಸೋತರ ದಪ್ಪ ಇಲ್ಲೇ ಇಟ್ಟು ಹೋಗಬೇಕು. ಜೀವ ಇರೂತನ ಮತ್ತ ಹಿಡೀಬಾರದು. ನಿನ್ನ ಬಾಯಾಗ ಹಾಡು ಬರಬಾರದು, ಹೊಲದಾಗೂ ಬರಬಾರದು."

ಪೀರಪ್ಪ ಮಗಳ ಕಡೆ ನೋಡಿದ. ಆಕೆಗೆ ಹಾಡು ಅಂದರೆ ಏನೆಂದು ಆತನಿಗೆ ಗೊತ್ತಿತ್ತು. ಬ್ಯಾಡ ಅನ್ನುವಂತೆ ತಲೆ ಅಲ್ಲಾಡಿಸಿದ.

"ಒಪ್ಪೀನಿ," ಅಂದಳು ಮಾನಮ್ಮ. "ಆದ್ರ ಹಾಡಿಕಿ ಕಾಯ್ದೆ ಎಲ್ಲಾ ನನಗೂ ಅಷ್ಟೇ, ಅವ್ರಿಗೂ ಅಷ್ಟೇ. ಒಂದೂ ಬಿಡಂಗಿಲ್ಲ. ಮಂದಿ ಮುಂದ ಹೇಳ್ರಿ."

ಕಾಯ್ದೆಗಳನ್ನು ಹಾಡಿಕಿಗೆ ಮುಂಚೆ ಕೂಗಿ ಹೇಳುವುದು ಪದ್ಧತಿಯೇ. ಹಣಮಂತರಾಯ ಎದ್ದು ನಿಂತು ಹೇಳಿದ. ದಪ್ಪು ಮಾತು ನಿಲ್ಲಿಸಿದರೆ ಹಾಡುಗಾರ ಸೋತ. ಆಧಾರವಿಲ್ಲದ ಜವಾಬು ಜವಾಬಲ್ಲ, ಹೇಗೆ ಗೊತ್ತೆಂದು ತೋರಿಸಬೇಕು. ಜವಾಬು ತಿಳಿಯದಿದ್ದರೆ ಸಭೆಯಲ್ಲಿ ಬಲ್ಲವರು ಯಾರಿದ್ದರೂ ಅವರ ಕಾಲು ಮುಟ್ಟಿ, ಗುರುವೆಂದು ಕರೆದು ಕೇಳಬಹುದು. ಹಾಗೆ ಕೇಳಿ ಹೇಳಿದರೆ ಅದು ಸೋಲಲ್ಲ, ಗೆಲುವೇ. ಸೋತವನು ತನ್ನ ದಪ್ಪನ್ನು ಗೆದ್ದವರ ಮುಂದೆ ಮುಖ ಕೆಳಗೆ ಮಾಡಿ ಇಡಬೇಕು, ಅದು ಗೆದ್ದವರ ಪಾಲು. ಈ ಸಲ ಅಮೀನರ ಹುಕುಂ ಇರುವುದರಿಂದ ಎಲ್ಲವೂ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು.

ಶುರುವಾಯಿತು. ಅಜ್ಜ ದಪ್ಪು ಬಡಿದು ಎತ್ತಿದ:

"ನೆತ್ತಿ ಮ್ಯಾಲಿನ ಸೂರ್ಯ ಗಂಡು, ಜಗಕ ಬೆಳಕು ಅವನಿಂದ,
ಹೊತ್ತು ಮುಳುಗಿದ ಮ್ಯಾಲ ಹೆಣ್ಣೇ ನಿನ್ನ ಬಡಾಯಿ ಎಲ್ಲಿಂದ?"

ಮಂದಿ ಹೋ ಎಂದಿತು. ಮಾನಮ್ಮ ಒದ್ದೆ ಅರಿವೆ ಬಿಚ್ಚಿ, ದಪ್ಪನ್ನು ಎದೆಗೆ ಹಿಡಿದು ನಿಂತಳು:

"ಸೂರ್ಯ ಬರೇ ಸುಡತಾನ, ಭೂಮಿ ಬೆಂಕಿ ನುಂಗ್ಯಾಳ,
ನುಂಗಿ ಜ್ವಾಳ ಹಡದಾಳ, ನಿನ್ನ ತಾಟಿಗೆ ರೊಟ್ಟಿ ಆಗ್ಯಾಳ!"

ಈ ಸಲ ಕೂಗಿದ್ದು ಬಯಲಿನ ಅಂಚಿನಲ್ಲಿ, ಬೇವಿನ ನೆರಳಲ್ಲಿ ನಿಂತ ಹೆಂಗಸರು. ರಾತ್ರಿ ಹಾಡಿಕಿಗೆ ಅವರು ಎಂದೂ ಬಂದವರಲ್ಲ. ಹಗಲೆಂದು, ನೀರಿಗೆ ಹೋಗುವ ನೆಪದಲ್ಲಿ, ಕೊಡ ಬಗಲಲ್ಲಿಟ್ಟು ಬಂದಿದ್ದರು. ಎರಡು ಸವಾಲಿಗೆ ಇಳಿಯುತ್ತಾಳೆ ಅಂದಿದ್ದ ಅಜ್ಜ ಹದಿನಾಲ್ಕು ಸವಾಲು ಹಾಕಿದ. ಹದಿನಾಲ್ಕಕ್ಕೂ ಜವಾಬು ಬಂತು. ಬಿಸಿಲು ನೆತ್ತಿಗೇರಿತು.

ಇಲ್ಲೇ ಅಜ್ಜ ತಪ್ಪು ಮಾಡಿದ. ರಾತ್ರಿ ಹಾಡುವವರಿಗೆ ಒಂದು ರೂಢಿ. ರಾತ್ರಿಯ ತಂಪಿಗೆ ತೊಗಲು ಸಡಿಲುಬೀಳುತ್ತದೆಂದು ನಡುನಡುವೆ ಜೋಳದ ಕಣಿಕೆಯ ಬೆಂಕಿಗೆ ದಪ್ಪು ಕಾಯಿಸುತ್ತಾರೆ. ಇಪ್ಪತ್ತು ವರ್ಷದ ರೂಢಿ ಎಲ್ಲಿ ಬಿಡುತ್ತದೆ? ವೈಶಾಖದ ಕಲಬುರ್ಗಿ ಬಿಸಿಲಲ್ಲಿ, ಹಪ್ಪಳ ಇಟ್ಟರೆ ಹಪ್ಪಳ ಸುಡುವ ಹೊತ್ತಲ್ಲಿ, ಅಜ್ಜ ಕಣಿಕೆ ತರಿಸಿ ದಪ್ಪು ಕಾಯಿಸಿದ! ಮಾನಮ್ಮ ನೋಡುತ್ತಿದ್ದಳು. "ಬ್ಯಾಡ್ರಿ ಧಣಿ, ಒಡೀತದ," ಅಂದಳು. "ನೀ ನನಗ ಕಲಸ್ತೀ?" ಅಂದ ಅಜ್ಜ. ಮೂರನೇ ಪೆಟ್ಟಿಗೆ ಚಟ್ಟೆಂದಿತು. ತೊಗಲು ನಡುವೆ ಸೀಳಿಕೊಂಡು ಬಾಯಿ ಬಿಟ್ಟಿತು.

ದಪ್ಪು ಮಾತು ನಿಲ್ಲಿಸಿದರೆ ಸೋತ ಹಾಗೆ. ಕಾಯ್ದೆ ಅದು. ಹೆಂಗಸರು ಗುಜುಗುಜು ಶುರು ಮಾಡಿದರು. ಬ್ರಹ್ಮಪುರದ ಗಂಡಸರ ಮುಖ ಸಪ್ಪಗಾಯಿತು. ಮಾನಮ್ಮ ಅಲ್ಲೇ ದಪ್ಪು ಎತ್ತಿ ಗೆದ್ದೆ ಎನ್ನಬಹುದಿತ್ತು. ನಾನಾಗಿದ್ದರೆ ಅನ್ನುತ್ತಿದ್ದೆ.

ಆಕೆ ಅನ್ನಲಿಲ್ಲ. "ಇಂಥ ಗೆಲುವು ನನಗ ಬ್ಯಾಡ," ಅಂದಳು. "ನಾಳೆ ನೀವೇ ಅಂತೀರಿ, ಬಿಸಲಿಗೆ ತೊಗಲ ಒಡೀತು, ಅದಕ್ಕ ಗೆದ್ಲು ಅಂತ. ಈ ಒಂದು ಕಾಯ್ದೆ ಇಬ್ಬರಿಗೂ ಬಿಡೂಣ್ರಿ. ತಗೋರಿ, ನನ್ನ ದಪ್ಪ ಹಿಡದು ಹಾಡ್ರಿ. ನಾ ಕೈ ಬಡದು ಹಾಡ್ತೀನಿ." ಹೀಗೆಂದು ತನ್ನ ದಪ್ಪನ್ನು ಅಜ್ಜನ ಕಡೆ ಚಾಚಿದಳು.

ಅಜ್ಜ ಕೈ ನೀಡಲಿಲ್ಲ. ಹಣಮಂತರಾಯ ಕೆಮ್ಮಿದ. ಅಜ್ಜ ಕಣ್ಣಿನಿಂದಲೇ ಅಟ್ಟದ ಹಲಗೆ ತೋರಿಸಿದ. ಆಕೆ ಅಲ್ಲಿ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅಜ್ಜ ತಂಬಿಗೆ ತೆಗೆದುಕೊಂಡು ದಪ್ಪಿನ ಮೇಲೆ ನೀರು ಹೊಡೆದ. ಎರಡು ಹನಿಯಲ್ಲ, ಇಡೀ ಬ್ರಹ್ಮಪುರ ನೋಡುತ್ತಿತ್ತಲ್ಲ, ಬೊಗಸೆ ನೀರು ಹೊಡೆದ. ಆಮೇಲೆ ಎತ್ತಿಕೊಂಡು ಬಡಿದ.

ಬದ್ ಎಂದಿತು. ನೀರು ಕುಡಿದ ತೊಗಲು ಮತ್ತೇನು ಅನ್ನುತ್ತದೆ? ಮತ್ತೆ ಬಡಿದ, ಮತ್ತೆ ಬದ್. ಮೊದಲು ಬೇವಿನ ಕೆಳಗೆ ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ. ಮಾನಮ್ಮ ನಗಲಿಲ್ಲ. ತನ್ನ ಕೈಯಾರೆ ಕೆರೆದು, ಎಳೆದು, ಒಣಗಿಸಿದ ತೊಗಲಿನ ಮೇಲೆ ನೀರು ಇಳಿಯುವುದನ್ನು ನೋಡುತ್ತಿದ್ದಳು. "ಅಲ್ಲೀತನ ನನಗ ಸಿಟ್ಟ ಇದ್ದಿಲ್ಲವ್ವ," ಎಂದು ಮುಂದೆ ನನಗೆ ಹೇಳಿದಳು. "ನಾನೇ ಕೊಟ್ಟಿದ್ದೆ, ಸೋಲಬಾರದು ಅಂತ ಕೊಟ್ಟಿದ್ದೆ. ಅದರ ಮ್ಯಾಲೆ ನೀರ ಹೊಡದ. ಆಗ ಬಂತು ನೋಡು."

ಅಜ್ಜನ ಹದಿನೈದನೆಯ ಸವಾಲಿಗೆ ಬರೀ ಚಪ್ಪಾಳೆ ಹಾಕಿ ಜವಾಬು ಕೊಟ್ಟಳು. ಆಮೇಲೆ ಹಾಡು ನಿಲ್ಲಿಸಿದಳು. ಒಡೆದು ಬಿದ್ದಿದ್ದ ಅಜ್ಜನ ದಪ್ಪಿನ ಕಡೆ ಬೆರಳು ತೋರಿಸಿ, ಮಾತಿನಲ್ಲೇ ಕೇಳಿದಳು:

"ನನ್ನ ಸವಾಲ ಇದು. ಇಪ್ಪತ್ತು ವರ್ಷ ಆ ದಪ್ಪ ಹಿಡದು ಗಂಡು ಹೆಚ್ಚು ಅಂತ ಹಾಡೀರಿ. ಅದರ ತೊಗಲು ಗಂಡಿಂದೋ ಹೆಣ್ಣಿಂದೋ? ಹೋತಿಂದೋ ಆಡಿಂದೋ? ಹೇಳ್ರಿ."

"ಹೋತಿಂದು," ಅಂದ ಅಜ್ಜ ಥಟ್ಟನೆ. "ಗಂಡಿನ ಹಾಡು ಗಂಡಿನ ತೊಗಲ ಮ್ಯಾಲೇ."

"ಆಧಾರ?"

ಆಧಾರ ಎಲ್ಲಿಂದ ತರುತ್ತಾನೆ? ದಪ್ಪನ್ನು ಎತ್ತಿ, ತಿರುವಿ, ಮೂಸಿ ನೋಡಿದ. ನಾಗೇಶಿಯ ಎಂಥೆಂಥ ಸವಾಲಿಗೆ ಪುರಾಣ ಪುಣ್ಯಕಥೆ ಜಾಲಾಡಿ ಜವಾಬು ತಂದವನು, ಅಂಗೈಯಲ್ಲಿದ್ದದ್ದು ಏನೆಂದು ತಿಳಿಯದೆ ನಿಂತ.

ಹಣಮಂತರಾಯ ಎದ್ದ. "ಇದೆಂಥ ಸವಾಲು? ಪುರಾಣದ್ದಲ್ಲ, ಶಾಸ್ತ್ರದ್ದಲ್ಲ. ರದ್ದು!"

"ಕಾಯ್ದ್ಯಾಗ ಪುರಾಣ ಅಂತ ಎಲ್ಲದ ರಾಯರ? ಮುಂಜಾನೆ ನೀವೇ ಕೂಗಿ ಹೇಳೀರಿ. ಮಂದಿ ಕೇಳ್ಯಾರ." ಮಾನಮ್ಮ ಅಟ್ಟದ ಮೇಲೆ ಕಾಲು ಮಡಚಿ ಕುಳಿತಳು. "ಇನ್ನೊಂದು ಕಾಯ್ದೇನೂ ಹೇಳೀರಿ. ತಿಳೀದಿದ್ರ ಬಲ್ಲವರ ಕಾಲ ಮುಟ್ಟಿ ಕೇಳಬಹುದು. ಬಲ್ಲವ ಇಲ್ಲೇ ಕುಂತಾನ. ಆ ತೊಗಲ ಎಳದವ ಅವನೇ. ಕೇಳ್ರಿ, ಹೇಳ್ತಾನ. ನಾ ದಪ್ಪ ಇಟ್ಟು ಹೋಗ್ತೀನಿ. ಹೊತ್ತ ಮುಳುಗೂತನ ವ್ಯಾಳ್ಯಾ ಅದ. ನಾ ಇಳೀಯೂದಿಲ್ಲ."

ಆಗಲೇ ಎಲ್ಲರಿಗೂ ತಿಳಿದದ್ದು. ಬಯಲಿನ ಗೋಡೆಯ ಬದಿಗೆ, ಎಲ್ಲರಿಂದ ದೂರ, ನೆಲದ ಮೇಲೆ ಪೀರಪ್ಪ ಕುಳಿತಿದ್ದ. ಅಟ್ಟದಿಂದ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಡೆದು, ಬಗ್ಗಿ, ಆತನ ಕಾಲು ಮುಟ್ಟಿ "ಗುರುವೇ" ಅಂದರೆ ಅಣವೀರಪ್ಪ ಗೆದ್ದ. ಮಾನಮ್ಮನ ಬಾಯಿ ಜನ್ಮಪೂರ್ತಿ ಮುಚ್ಚಿತು. ನಡೆಯದಿದ್ದರೆ ಸೋತ, ಅದೂ ಒಬ್ಬ ಹೆಣ್ಣಿಗೆ, ಅದೂ ಆ ಕೇರಿಯ ಹೆಣ್ಣಿಗೆ.

ಹಣಮಂತರಾಯ ಅಜ್ಜನ ಕಿವಿಯಲ್ಲಿ ಹೇಳಿದ: "ಆ ಕೆಲಸ ಮಾಡಿದ್ರ ಬ್ರಹ್ಮಪುರದಾಗ ನಿನಗ ಯಾರೂ ನೀರ ಕೊಡೂದಿಲ್ಲ, ನೆನಪಿರಲಿ." ಹೇಳಿ, ಛತ್ರಿ ಬಿಚ್ಚಿಸಿಕೊಂಡು ವಾಡೆಗೆ ನಡೆದ. ನೆರಳು ಇದ್ದವರಿಗೆ ಹೊರಟು ಹೋಗುವುದು ಸುಲಭ.

ಮಾನಮ್ಮ ಬಿಸಿಲಲ್ಲಿ ಕುಳಿತೇ ಇದ್ದಳು. ಹಲಗೆ ಕಾದು ಕಾವಲಿಯಾಗಿತ್ತು. ಯಾರೋ ಹೆಂಗಸು ಕೊಡದ ನೀರು ತಂದು ಕೊಟ್ಟಳು, ಹಣಮಂತರಾಯನ ಆಳುಗಳು ಗದರಿಸಿದರೂ ಕೊಟ್ಟಳು. ಎದುರಿಗೆ ಅಜ್ಜ ತೊಡೆಯ ಮೇಲೆ ಒಡಕು ದಪ್ಪು ಇಟ್ಟುಕೊಂಡು ಕುಳಿತಿದ್ದ. ಮಂದಿ ಕದಲಲಿಲ್ಲ. ನೆರಳು ಪೂರ್ವಕ್ಕೆ ಉದ್ದವಾಗುತ್ತ ಹೋಯಿತು.

"ನನಗ ಅಂಜಿಕಿ ಇದ್ದಿಲ್ಲ ಅಂತ ತಿಳೀಬ್ಯಾಡ," ಅಂದಿದ್ದಳು ಮಾನಮ್ಮ. "ಎದ್ದು ಬಂದು ಕೇಳಿದ್ರ ನಮ್ಮಪ್ಪ ಹೇಳೇ ಹೇಳತಿದ್ದ. ಸುಳ್ಳು ಹೇಳೂ ಮನುಷ್ಯ ಅಲ್ಲ. ಹಾಡಿಲ್ಲದ ನಾ ಹ್ಯಾಂಗ ಬದುಕಬೇಕಿತ್ತು? ಆದ್ರ ಹೋದ್ರ ಹೋಗಲಿ ಅಂದೆ. ಬ್ರಹ್ಮಪುರದವ ನಮ್ಮಪ್ಪಗ ಗುರುವೇ ಅಂದದ್ದು ಒಂದು ಸಲ ಕಿವಿಲೆ ಕೇಳಿದ್ರ ಸಾಕಿತ್ತು ನನಗ."

ಪೀರಪ್ಪ? ಆತ ತಲೆ ಎತ್ತಿ ಕುಳಿತಿದ್ದನಂತೆ. ಅಜ್ಜನಿಗೆ ಎಲ್ಲಕ್ಕಿಂತ ಹೆಚ್ಚು ನೆನಪಿದ್ದದ್ದು ಅದೇ. "ಇಪ್ಪತ್ತು ವರ್ಷದಾಗ ಅವನ ಮಾರಿ ನಾ ಅವತ್ತೇ ನೋಡಿದ್ದು. ಅಲ್ಲೀತನ ಬರೇ ಅವನ ಮುಂಡಾಸ ನೋಡಿದ್ದೆ," ಅಂದ. ಎರಡು ಸಲ ಅಜ್ಜ ಏಳಲು ಹೋದನಂತೆ. ಒಮ್ಮೆ ಎದ್ದೇ ನಿಂತು, ಅಟ್ಟದ ಮೊದಲ ಮೆಟ್ಟಿಲಿಗೆ ಕಾಲಿಟ್ಟನಂತೆ. ಮಾನಮ್ಮ ಕಣ್ಣು ಮುಚ್ಚಿಕೊಂಡಳು. ಅಜ್ಜ ತಿರುಗಿ ಹೋಗಿ ಕುಳಿತ.

ಹೊತ್ತು ಇಳಿಯುವಾಗ ಅಮೀನ ಸಲಾವುದ್ದೀನ್ ಸಾಹೇಬ ಗುಂಪು ಚದುರಿಸಲು ಬಂದ. ಸಾವಿರ ಜನ ಸದ್ದಿಲ್ಲದೆ ಕುಳಿತದ್ದನ್ನು ನೋಡಿ ಆತನಿಗೇ ಗಾಬರಿಯಾಯಿತು. "ಕ್ಯಾ ಹುವಾ? ಯಾರರ ಸತ್ತಾರೇನು?"

"ಇಲ್ರಿ ಸಾಹೇಬರ, ಸವಾಲ ಬಿದ್ದದ," ಅಂದ ಯಾರೋ.

"ಜವಾಬ್?"

"ಬಂದಿಲ್ರಿ."

ಅಮೀನ ಪಡುವಣಕ್ಕೆ ನೋಡಿದ. ಕೋಟೆಯ ಗೋಡೆಯ ಹಿಂದೆ ಸೂರ್ಯ ಅರ್ಧ ಇಳಿದಿದ್ದ. "ಹಂಗಾರ ಫೈಸಲಾ ಆತಲ್ಲ. ಇನ್ನ ಏನ ಕಾಯಾಕತ್ತೀರಿ? ಉಠೋ, ಉಠೋ!"

ಅಜ್ಜ ಎದ್ದ. ಮಾನಮ್ಮನ ದಪ್ಪನ್ನು ಮೊದಲು ಆಕೆಯ ಮುಂದೆ ಇಟ್ಟ. ಆಮೇಲೆ ತನ್ನ ಒಡಕು ದಪ್ಪನ್ನು ಮುಖ ಕೆಳಗೆ ಮಾಡಿ ಇಟ್ಟ.

ಹೆಂಗಸರು ಕೊಡ ಬಡಿದರು. ಕಂಚು, ತಾಮ್ರ, ಮಣ್ಣು, ಯಾವುದಿತ್ತೋ ಅದನ್ನು. ನೀರೆಲ್ಲ ಚೆಲ್ಲಿ ಬಯಲು ಕೆಸರಾಯಿತಂತೆ. ಪದ್ಧತಿಯ ಪ್ರಕಾರ ಸೋತವನ ದಪ್ಪು ಗೆದ್ದವಳಿಗೆ ಸೇರಬೇಕು. ಮಾನಮ್ಮ ಮುಟ್ಟಲಿಲ್ಲ. "ಒಡದದ್ದು ನನಗ್ಯಾಕ್ರಿ? ಮನಿಗೆ ಒಯ್ದು ಗ್ವಾಡಿಗೆ ಹಾಕ್ರಿ. ದಿನಾ ನೋಡ್ರಿ," ಅಂದಳು. ತನ್ನದನ್ನು ಸೆರಗಿನಿಂದ ಒರೆಸಿ, ತಂದೆಯ ಹತ್ತಿರ ಹೋದಳು.

ಆಮೇಲೆ ಊರ ಮಂದಿ ಅಣವೀರಪ್ಪನದು ದೊಡ್ಡ ಮನಸ್ಸು, ಹೆಣ್ಣಿಗೆ ಸೋಲೊಪ್ಪಿಕೊಂಡ ಎಂದರು. ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಯಾವ ದೊಡ್ಡ ಮನಸ್ಸು? ಹತ್ತು ಹೆಜ್ಜೆ ನಡೆಯುವುದಕ್ಕಿಂತ ಸೋಲುವುದೇ ಸುಲಭವಾಗಿತ್ತು ಆತನಿಗೆ. ಅಜ್ಜ ಕೊನೆಗೆ ಇದನ್ನೇ ಒಪ್ಪಿಕೊಂಡ: "ನಾ ಸವಾಲಿಗೆ ಸೋಲಲಿಲ್ಲ ಕೂಸ. ಬಗ್ಗಲಾರದ್ದಕ್ಕ ಸೋತೆ. ಗಂಟಲ ಇತ್ತು, ಸೊಂಟ ಇದ್ದಿಲ್ಲ."

ಮಾನಮ್ಮ ಕಮಲಾಪುರಕ್ಕೆ ಹೋಗಿ ಮೊದಲು ಮಾಡಿದ ಕೆಲಸ, ಅಂಗಳದ ಆ ಚಪ್ಪಡಿ ಕಲ್ಲನ್ನು ಎಬ್ಬಿಸಿ ಬಟ್ಟೆ ಒಗೆಯಲು ಹಳ್ಳಕ್ಕೆ ಹಾಕಿದ್ದು. ಇನ್ನು ಮುಂದೆ ದಪ್ಪು ಬೇಕಾದವರು ಕೈಯಿಂದ ಕೈಗೆ ತೆಗೆದುಕೊಳ್ಳಬೇಕು, ನೀರು ಹೊಡೆಯುವವರು ಬೇರೆ ಊರು ನೋಡಿಕೊಳ್ಳಬಹುದು. ಎರಡು ವರ್ಷ ಯಾರೂ ಬರಲಿಲ್ಲ. ತಂದೆ ಮಗಳು ಕೂಲಿ ಮಾಡಿ ಅಂಬಲಿ ಕುಡಿದರು. ಮೂರನೇ ವರ್ಷ ಸಾಯಬಣ್ಣ ಬಂದ, ಆ ಕಡೆ ಈ ಕಡೆ ನೋಡಿ ಕೈ ಚಾಚಿದ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಬೇರೆಯವರು ಹಾಕಿದ ತೊಗಲು ಅವರ ದಪ್ಪಿನ ಹಾಗೆ ಮಾತಾಡುತ್ತಿರಲಿಲ್ಲ, ಏನು ಮಾಡುತ್ತಾರೆ ಪಾಪ. ನಮ್ಮಜ್ಜ ಮಾತ್ರ ಹೋಗಲಿಲ್ಲ. ಹುಮನಾಬಾದಿನಿಂದ ತರಿಸಿದ ದಪ್ಪು ಹಿಡಿದು ಹಾಡಿದ. ಅದು ಕೊನೆಯ ತನಕ ಬದ್ ಎಂದೇ ಅನ್ನುತ್ತಿತ್ತು.

ಸಲಾವುದ್ದೀನ್ ಸಾಹೇಬ ವರ್ಗವಾಗಿ ಹೋದ, ಹುಕುಂ ಹೋಯಿತು, ಹಾಡಿಕಿಗಳು ಮತ್ತೆ ರಾತ್ರಿಗೆ ಮರಳಿದವು. ಮಾನಮ್ಮ ಮರಳಲಿಲ್ಲ. ಪ್ರತಿ ಬೇಸಿಗೆ, ದವನದ ಹುಣ್ಣಿಮೆಯಿಂದ ಕಾರ ಹುಣ್ಣಿಮೆಯ ತನಕ, ನಡುಮಧ್ಯಾಹ್ನ, ತನ್ನ ಅಂಗಳದ ಬೇವಿನ ಕೆಳಗೆ ಹಾಡಿದಳು. ರಾತ್ರಿಗೆ ಕರೆದವರಿಗೆ ಒಂದೇ ಮಾತು: "ನನ್ನ ಹಾಡು ಕೇಳೂ ಮಂದಿ ರಾತ್ರಿ ಮನಿ ಬಿಟ್ಟು ಬರಂಗಿಲ್ಲ."

ನಾನು ಆಕೆಯನ್ನು ಕಂಡದ್ದು ಅಜ್ಜ ಸತ್ತು ಎಷ್ಟೋ ವರ್ಷದ ಮೇಲೆ. ಗೋಡೆಯ ಒಡಕು ದಪ್ಪನ್ನು ಯಾರನ್ನೂ ಕೇಳದೆ ಇಳಿಸಿಕೊಂಡು, ಕಮಲಾಪುರದ ಬಸ್ಸು ಹತ್ತಿದೆ. ಮಾನಮ್ಮನಿಗೆ ಆಗ ಎಪ್ಪತ್ತು ದಾಟಿತ್ತು. ಬೇವಿನ ಕೆಳಗೆ ಕುಳಿತು ತೊಗಲು ಕೆರೆಯುತ್ತಿದ್ದಳು. ಪೀರಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು.

"ಯಾರ ಪೈಕಿ ತಂಗಿ?" ಅಂದಳು.

"ಬ್ರಹ್ಮಪುರದ ಅಣವೀರಪ್ಪನ ಮೊಮ್ಮಗಳರಿ."

ಆಕೆ ಕೆರೆಯುವುದನ್ನು ನಿಲ್ಲಿಸಿದಳು. ನಾನು ಬಗ್ಗಿ, ಎರಡೂ ಕೈಯಿಂದ ಆಕೆಯ ಕಾಲು ಮುಟ್ಟಿ, ಒಡಕು ದಪ್ಪನ್ನು ಮುಂದಿಟ್ಟು, "ಗುರುವೇ, ಇದರ ತೊಗಲು ಯಾವುದು?" ಅಂದೆ.

ಮಾನಮ್ಮ ಕೈಯಲ್ಲಿದ್ದ ತೊಗಲನ್ನು ಬದಿಗಿಟ್ಟಳು. ಆಮೇಲೆ ದಪ್ಪನ್ನು ಎತ್ತಿ ಬಳೆಯ ಒಳಮೈ ತೋರಿಸಿದಳು. ಕಟ್ಟಿಗೆಯಲ್ಲಿ ಉಳಿಯಿಂದ ಕೊರೆದ ಎರಡು ಸಣ್ಣ ಗೀರುಗಳಿದ್ದವು. ನಾನು ಚಿಕ್ಕಂದಿನಿಂದ ನೋಡಿದ್ದ ಗೀರುಗಳೇ. ಉಳಿ ಜಾರಿದ ಗುರುತು ಎಂದುಕೊಂಡಿದ್ದೆ.

"ಒಂದು ಗೀರು ಇದ್ರ ಹೋತು, ಎರಡು ಇದ್ರ ಆಡು. ನಮ್ಮಪ್ಪ ಹಾಕಿದ ಗುರುತು. ಹೋತಿನ ತೊಗಲು ಮಂದ, ಅಷ್ಟು ನಾದ ಬರೂದಿಲ್ಲ. ನಿಮ್ಮಜ್ಜಂದು ಆಡಿಂದು, ಹೆಣ್ಣಿಂದು. ಅವತ್ತ ಪೂರಾ ಮಧ್ಯಾಹ್ನ ಇದು ಅವನ ತೊಡಿ ಮ್ಯಾಲೇ ಇತ್ತು. ಕಣ್ಣ ಮುಂದೇ ಇತ್ತು. ಕೇಳಲಿಲ್ಲ." ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲೇ ನಕ್ಕಳು ಕೂಡ. "ಇಷ್ಟು ಕೇಳಾಕ ನಿಮ್ಮ ಮನಿತನಕ್ಕ ಐವತ್ತು ವರ್ಷ ಬೇಕಾತೇನವ್ವ?"

ನಾನು ತಮಾಷೆಗೆ ಅಂದೆ: "ಮತ್ತ ಕಾಯ್ದೆ ಪ್ರಕಾರ ನಾವು ಗೆದ್ದಂಗಾತಲ್ರಿ. ಕಾಲು ಮುಟ್ಟಿ ಕೇಳೀನಿ, ಜವಾಬು ಸಿಕ್ಕದ, ಆಧಾರಾನೂ ಅದ. ನಿಮ್ಮ ದಪ್ಪ ಕೊಡ್ರಿ."

ಮಾನಮ್ಮ ಪಕ್ಕದಲ್ಲಿದ್ದ ತನ್ನ ದಪ್ಪನ್ನು ಎಳೆದು ಮಡಿಲಲ್ಲಿ ಇಟ್ಟುಕೊಂಡಳು.

"ಕೊಡೂದಿಲ್ಲ," ಅಂದಳು. "ಹೊತ್ತ ಮುಳುಗೂದ್ರಾಗ ಕೇಳಬೇಕಿತ್ತು."